ಊರು ಕಾಯುವವರು ಬಂಡಾಯಗಾರರಾದ ಬಗೆ

ನಿಪ್ಪಾಣಿ ಸೀಮೆಯ ಬೋರಗಾಂವದಿಂದ ಅಥಣಿ, ಕಾಗವಾಡಗಳವರೆಗಿನ ಗಡಿನಾಡಿನಲ್ಲಿ ಕನ್ನಡದ ಲಾವಣಿಯೂ ಮರಾಠಿಯ ಪೋವಾಡವೂ ನೆರೆಹೊರೆಯಾಗಿ ಬಾಳಿ ಬಂದಿವೆ. ಸರಕಾರದ ಕಾಗದಪತ್ರಗಳು ಪುಂಡರೆಂದೂ ದರೋಡೆಕೋರರೆಂದೂ ನಮೂದಿಸಿದ ಕೆಲವರು ಈ ಹಾಡುಗಳಲ್ಲಿ ವೀರಪುರುಷರಾಗಿ ಕೀರ್ತಿತರಾಗಿದ್ದಾರೆ. ಅವರ ವೃತ್ತಾಂತಗಳನ್ನು ಒಟ್ಟಿಗೆ ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಬಹುಮಂದಿ ಊರನ್ನೋ ಕೋಟೆಯನ್ನೋ ಕಾಯುವ ಮನೆತನಗಳವರು.

ಸಂಗೊಳ್ಳಿ ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿ. ಎಂದರೆ, ಗ್ರಾಮರಕ್ಷಣೆಯ ಚಾಕರಿಗೆ ಪ್ರತಿಯಾಗಿ ಇನಾಮು ಹೊಲವನ್ನು ಉಂಬಳಿಯಾಗಿ ಪಡೆದವನು. 1824ರಲ್ಲಿ ಕಿತ್ತೂರು ಕುಂಪಣಿಯ ಕೈಸೇರಿದ ತರುವಾಯ ಇಂಥ ಹೊಲಗಳ ಹಕ್ಕಿಗೇ ಸಂಚಕಾರ ಬಂದಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೆ, ದತ್ತಕಪುತ್ರ ಶಿವಲಿಂಗಪ್ಪನಿಗೆ ಪಟ್ಟ ಕಟ್ಟಬೇಕೆಂಬ ದೃಢಸಂಕಲ್ಪದಿಂದ ರಾಯಣ್ಣ ದಂಡು ಕೂಡಿಸಿ, ಕಾಡನ್ನೇ ಆಶ್ರಯಿಸಿ ಹೋರಾಡಿದನು. ಬೀಡಿ ಎಂಬ ಊರಿನ ಸರಕಾರಿ ಕಚೇರಿಗೆ ಅವನ ದಂಡು ಬೆಂಕಿಯಿಟ್ಟುದನ್ನು ಬರಿಯ ಪುಂಡಾಟವೆನ್ನಲು ನನ್ನ ಮನಸ್ಸು ಒಪ್ಪದು. ಹೊಲ ಕಳೆದುಕೊಂಡವನ ಪಾಲಿಗೆ ಕಚೇರಿಯ ದಫ್ತರವೇ ವೈರಿಯ ಕೋಟೆ. ಸ್ವಜನರ ದ್ರೋಹದಿಂದ ಸೆರೆಸಿಕ್ಕ ಅವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅಲ್ಲಿನ ಸಮಾಧಿಯ ಆಲದ ಮರಕ್ಕೆ, ಸಂತಾನವನ್ನು ಬೇಡಿ ಹರಕೆ ಹೊತ್ತ ಹೆಣ್ಣುಮಕ್ಕಳು ಇಂದಿಗೂ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಮರುವರ್ಷ ಪುಣೆಯಲ್ಲಿ ಗಲ್ಲಿಗೇರಿದ ಉಮಾಜಿ ನಾಯಕನೂ ಪುರಂದರಗಡದ ಕಾವಲಿನ ರಾಮೋಶಿ ಕುಲದವನೇ.

1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೆಳಗಿಡಲು ಒಪ್ಪಲಿಲ್ಲ. ಬೇಟೆಗೂ ಕಾವಲಿಗೂ ದಂಡಿನ ಚಾಕರಿಗೂ ಆಯುಧವನ್ನೇ ನಂಬಿದ್ದ ಅವರಿಗೆ ಅದನ್ನು ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಮ್ಮೆಗೇ ಒಪ್ಪಿಸಿದಂತೆ. ನವೆಂಬರಿನ ಕೊನೆಯಲ್ಲಿ ಸರಕಾರದ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿ ಗಲ್ಲಿಗೇರಿದರು. ಕುರ್ತಕೋಟಿ ಕಲ್ಮೇಶನ ಅಂಕಿತದ ಲಾವಣಿ ಈ ದುರಂತವನ್ನು ಹಾಡಿತು; ಮುಂಬಯಿ ಸರಕಾರದ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್ ಅದನ್ನೂ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದನು. ಅಚ್ಚಿಗಿಂತ ಹೆಚ್ಚಾಗಿ ಇಂಥ ಹಾಡುಗಳನ್ನು ಉಳಿಸಿದವು ಗೀಗೀ ಮೇಳಗಳು: ಮುಂದಿನ ಹಾಡುಗಾರ ಎಡಗೈಯ ದಪ್ಪನ್ನು ಎದೆಗೊತ್ತಿ ಬಾರಿಸುತ್ತ ಒಂದು ನುಡಿ ಮುಗಿಸುತ್ತಲೂ ಹಿಂದಿನವರು ತುಂತುಣಿ, ತಾಳಗಳೊಡನೆ ‘ಗೀಯ ಗೀಯ’ ಎಂದು ದನಿಗೂಡಿಸುವರು, ಸುತ್ತ ಕುಳಿತ ಜನ ಮೈಮರೆಯುವರು.

ಈ ಪರಂಪರೆಯಲ್ಲಿ ನಮ್ಮ ಸೀಮೆಗೆ ಅತಿ ಸಮೀಪದವನು ಅಥಣಿಯ ನೆರೆಯ ಜತ್ತ ಸಂಸ್ಥಾನದ ಸಿಂದೂರ ಗ್ರಾಮದ ಲಕ್ಷ್ಮಣ. ಬೇಡ ಕುಲದ ಈತ ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚಿದನೆಂದು ಜನ ನಂಬಿದ್ದಾರೆ. ಆ ಕಥೆಗಳಲ್ಲಿ ಅತಿಶಯೋಕ್ತಿ ಎಷ್ಟೇ ಬೆರೆತಿರಲಿ, ಹಳ್ಳಿಗರ ಕೂಳು ನೀರಿಲ್ಲದೆ ಗುಡ್ಡಗಾಡಿನಲ್ಲಿ ಅಂಥವನು ಬಹುಕಾಲ ಬದುಕಿರಲಾರನು. 1922ರಲ್ಲಿ ಬೀಳಗಿಯ ಬಳಿ ಅವನು ಗುಂಡಿಗೆ ಬಲಿಯಾದನು. 1977ರಲ್ಲಿ ಅವನ ಕಥೆ ಚಲನಚಿತ್ರವಾಯಿತು; ಉತ್ತರ ಕರ್ನಾಟಕದ ನಾಟಕ ಕಂಪನಿಗಳಂತೂ ‘ವೀರ ಸಿಂಧೂರ ಲಕ್ಷ್ಮಣ’ನನ್ನು ಜಾತ್ರೆಯಿಂದ ಜಾತ್ರೆಗೆ ಕೊಂಡೊಯ್ದು, ಓದುಬರಹ ಬಾರದವರಿಗೂ ಅವನನ್ನು ಮನೆಯ ಮಗನಷ್ಟು ಪರಿಚಿತನನ್ನಾಗಿ ಮಾಡಿದುವು.