ನಿಮಗಿದು ಗೊತ್ತೆ? ಬಚ್ಚಲಿಗೆ ಸುರಿದ ತಾಮ್ರ ಎಲ್ಲಿ ಹೋಗುತ್ತದೆ

ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್ ತಯಾರಿಸುವುದೆಂದರೆ ತಾಮ್ರ ಅಂಟಿಸುವುದಲ್ಲ, ಇರುವ ತಾಮ್ರವನ್ನು ಕರಗಿಸುವುದು. ಬೋರ್ಡಿನ ಮೇಲೆ ಮಾರ್ಕರ್‌ನಿಂದ ಎಳೆದ ಗೆರೆಯಡಿಯ ತಾಮ್ರ ಉಳಿಯುತ್ತದೆ, ಮಿಕ್ಕಿದ್ದು ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಸೇರುತ್ತದೆ. 10 ಸೆಂ.ಮೀ. ಉದ್ದ, ಅಷ್ಟೇ ಅಗಲದ ಬೋರ್ಡಿನ ಮೇಲೆ 35 ಮೈಕ್ರಾನ್ ದಪ್ಪದ ಪದರವಿದ್ದರೆ ಅದರಲ್ಲಿ ಸುಮಾರು 3 ಗ್ರಾಂ ತಾಮ್ರ. ಅರ್ಧ ಕರಗಿತೆನ್ನಿ, ಒಂದೂವರೆ ಗ್ರಾಂ. ಇಷ್ಟಕ್ಕೇನು ಎನ್ನಬಹುದು. ಆದರೆ ಕುಡಿಯುವ ನೀರಿಗೆ ಭಾರತೀಯ ಮಾನಕವು ಅಪೇಕ್ಷಿಸುವ ತಾಮ್ರದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಆ ಲೆಕ್ಕದಲ್ಲಿ ಒಂದೇ ಬೋರ್ಡಿನ ತಾಮ್ರ 30,000 ಲೀಟರ್ ನೀರನ್ನು ಮಿತಿಯ ಅಂಚಿಗೆ ತರುತ್ತದೆ. ಬಚ್ಚಲಿಗೆ ಸುರಿದದ್ದು ಚರಂಡಿ ಹಿಡಿದು ನದಿಯತ್ತ ಹೋಗುತ್ತದೆ: ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರದ ಚರಂಡಿ ಕಾವೇರಿಯ ಕಡೆಗೆ, ಕೆ.ಆರ್.ಪೇಟೆಯದು ಹೇಮಾವತಿಯ ಕಡೆಗೆ ಇಳಿಯುವ ನೆಲ. ಕರಗಿದ ತಾಮ್ರ ಮೀನಿನ ಕಿವಿರುಗಳಿಗೆ ವಿಷ, ರಂಗನತಿಟ್ಟಿನ ಅನೇಕ ಹಕ್ಕಿಗಳು ಬದುಕುವುದು ಮೀನಿನಿಂದ.

ರೈತರು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲೂ ತಾಮ್ರವಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಶೇ 1ರ ದ್ರಾವಣದ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, ಅಂದರೆ ಸುಮಾರು 250 ಗ್ರಾಂ ತಾಮ್ರ. ಆದರೆ ಅಲ್ಲಿ ಸುಣ್ಣ ಬೆರೆತು ತಾಮ್ರವನ್ನು ಕಟ್ಟಿಹಾಕುತ್ತದೆ. ಸರ್ಕ್ಯೂಟ್ ಬೋರ್ಡಿನ ಫೆರಿಕ್ ಕ್ಲೋರೈಡ್ ದ್ರಾವಣವೋ ಆಮ್ಲೀಯ, ಅದರಲ್ಲಿ ತಾಮ್ರ ಕರಗಿಯೇ ಇರುತ್ತದೆ. ಪರಿಹಾರವೂ ಸುಣ್ಣದಲ್ಲೇ ಇದೆ: ಕೈಗವಸು ತೊಟ್ಟು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಳಸಿದ ದ್ರಾವಣಕ್ಕೆ ಸುಣ್ಣದ ಹಾಲನ್ನು ನಿಧಾನವಾಗಿ ಬೆರೆಸಿದರೆ ತಾಮ್ರ, ಕಬ್ಬಿಣ ಎರಡೂ ಗಸಿಯಾಗಿ ತಳಕ್ಕಿಳಿಯುತ್ತವೆ. ಒಣಗಿದ ಗಸಿಯನ್ನು ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರ ಕೈಗೇ ಕೊಡಬೇಕು, ತಿಪ್ಪೆಗಲ್ಲ. ಅದಕ್ಕಿಂತ ಮೇಲು, ವಿನ್ಯಾಸದಲ್ಲೇ ಖಾಲಿ ಜಾಗದ ತಾಮ್ರವನ್ನು ನೆಗೆಟಿವ್ ಸಂಪರ್ಕಕ್ಕೆ ಉಳಿಸಿಕೊಳ್ಳುವುದು; ಕರಗುವುದೇ ಕಡಿಮೆಯಾಗುತ್ತದೆ.