ಊರು ನೋಡಲು ಎಷ್ಟು ಎತ್ತರ ಬೇಕು?

ಓದಲೋ ಕೆಲಸ ಹುಡುಕಲೋ ಬೆಂಗಳೂರಿಗೆ ಬಂದ ನಮ್ಮಂಥವರಿಗೆ ಈ ಊರು ಗೊತ್ತಾಗುವುದು ತುಂಡು ತುಂಡಾಗಿ. ಪಿ.ಜಿ.ಯಿಂದ ಬಸ್ ಸ್ಟಾಪು, ಅಲ್ಲಿಂದ ಕಾಲೇಜು, ಕಾಲೇಜಿನಿಂದ ಮೆಸ್ಸು. ಮೊಬೈಲಿನ ಮ್ಯಾಪಿನಲ್ಲಿ ನೀಲಿ ಚುಕ್ಕೆ ಹೋದ ಕಡೆ ನಾವೂ ಹೋಗುತ್ತೇವೆ. ‘ಶಿವಾಜಿನಗರ ಯಾವ ದಿಕ್ಕಿಗೆ?’ ಎಂದು ಯಾರಾದರೂ ಕೇಳಿದರೆ ಕೈ ತೋರಿಸಿ ಹೇಳಲು ಬರುವುದಿಲ್ಲ. ಇಷ್ಟು ದೊಡ್ಡ ಊರನ್ನು ಒಂದೇ ನೋಟಕ್ಕೆ ನೋಡಬೇಕೆಂದರೆ ಎಲ್ಲಿ ನಿಲ್ಲಬೇಕು?

ಯುರೋಪಿನ ಹಳೆಯ ಊರುಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಟಿಕೆಟ್ ಕೊಂಡು 463 ಮೆಟ್ಟಿಲು ಹತ್ತಿದರೆ ಕೆಥೆಡ್ರಲ್ ಗುಮ್ಮಟದ ತುದಿ ಸಿಗುತ್ತದೆ. ಟಿಕೆಟ್ ಬೇಡವೆನ್ನುವವರಿಗೆ ನದಿಯಾಚೆಯ ಗುಡ್ಡದ ಮೇಲೆ ಪಿಯಾಝಾಲೆ ಮೈಕೆಲ್ಯಾಂಜೆಲೊ ಎಂಬ ಬಯಲಿದೆ. 19ನೇ ಶತಮಾನದಲ್ಲಿ ಕಟ್ಟಿದ ಆ ಬಯಲಿಗೆ ಹೋಗಿ ಊರು ನೋಡಲು ಒಂದು ಪೈಸೆಯೂ ಬೇಡ. ಅಷ್ಟು ದೂರವೇಕೆ, ನಮ್ಮ ಮಧುಗಿರಿಯಲ್ಲೂ ಹಾಗೆಯೇ. ಬೆಟ್ಟವನ್ನು ಅರ್ಧ ಹತ್ತಿದರೆ ಸಾಕು, ಬಸ್ ಸ್ಟ್ಯಾಂಡ್ ಯಾವುದು, ಶಾಲೆ ಯಾವುದು, ನಮ್ಮ ಮನೆಯ ಓಣಿ ಯಾವುದು ಎಂದು ಬೆರಳಿಟ್ಟು ತೋರಿಸಬಹುದು.

ನಾನಿರುವುದು ಕೆ.ಆರ್. ಪುರದ ಒಂದು ಪಿ.ಜಿ.ಯಲ್ಲಿ. ಓದುತ್ತಿರುವುದು ಸಿವಿಲ್, ಮೂರನೇ ವರ್ಷ. ರೂಮಿನಲ್ಲಿ ಜೊತೆಗಿರುವ ಅಣ್ಣ ಕಳೆದ ವರ್ಷವೇ ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಕಿಟಕಿ ತೆಗೆದರೆ ಕಾಣುವುದು ಪಕ್ಕದ ಕಟ್ಟಡದ ಗೋಡೆ. ಈ ಸೆಮಿಸ್ಟರ್‌ನ ಭಾನುವಾರಗಳಲ್ಲಿ ನಾವಿಬ್ಬರೂ ದಂಡು ಪ್ರದೇಶದಿಂದ ಕೆ.ಆರ್. ಪುರದವರೆಗೆ, ದುಡ್ಡು ಕೊಡದೆ ಊರು ನೋಡಬಹುದಾದ ಜಾಗ ಯಾವುದಿದೆ ಎಂದು ಹುಡುಕಲು ಹೊರಟೆವು.

ಮೊದಲು ನೆನಪಾಗಿದ್ದು ಕೆಂಪೇಗೌಡರ ಗೋಪುರಗಳು. ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತದ ಬಳಿ ಮತ್ತು ಹಲಸೂರು ಕೆರೆಯ ಪಕ್ಕ, ಹೀಗೆ ನಾಲ್ಕು. ಊರು ಇಲ್ಲಿಯವರೆಗೆ ಬೆಳೆಯಬಹುದು ಎಂದು ಗುರುತು ಹಾಕಿದ್ದು ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ನಾಲ್ಕರಲ್ಲಿ ಪೂರ್ವದ್ದು ಹಲಸೂರಿನದು. ಆದರೆ ಅದೀಗ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಆವರಣದೊಳಗಿದೆ. ಸೇನೆಯ ಜಾಗವಾದ್ದರಿಂದ ಮನಸ್ಸು ಬಂದಾಗ ಹೋಗಿ ಹತ್ತುವಂತಿಲ್ಲ.

ಅಲ್ಲಿಂದ ಶಿವಾಜಿನಗರ. 1882ರ ಸಂತ ಮೇರಿ ಬೆಸಿಲಿಕಾದ ಗೋಪುರ 160 ಅಡಿ ಎತ್ತರವಿದೆ. ಆದರೆ ಅದು ದೂರದಿಂದ ಕಂಡು ದಾರಿ ಹೇಳಲೆಂದು ಇರುವ ಎತ್ತರ, ನಾವು ಹತ್ತಿ ನೋಡಲಿಕ್ಕಲ್ಲ. ಎಂ.ಜಿ. ರಸ್ತೆಯ 25 ಮಹಡಿಗಳ ಸಾರ್ವಜನಿಕ ಉಪಯುಕ್ತ ಕಟ್ಟಡ 1973ರಲ್ಲಿ ಪೂರ್ತಿಯಾಯಿತು. ಎತ್ತರ 106 ಮೀಟರ್. ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ಹಾಗೆ ನೋಡಿದರೆ ಆ ತುದಿಯಿಂದ ಸುಮಾರು 37 ಕಿ.ಮೀ. ಕಾಣಬೇಕು. ಒಂದು ಕಾಲಕ್ಕೆ ಮೇಲೆ ಹೋಟೆಲ್ ಇತ್ತು, ಕಾಫಿ ಕುಡಿಯುತ್ತಾ ಊರು ನೋಡಬಹುದಿತ್ತು. ಹೆಸರಲ್ಲೇ ‘ಸಾರ್ವಜನಿಕ’ ಇರುವ ಈ ಕಟ್ಟಡದ ತುದಿಯಲ್ಲಿ ಹತ್ತು ರೂಪಾಯಿ ಟಿಕೆಟ್ಟಿನ ವೀಕ್ಷಣಾ ಮಹಡಿ ಇದ್ದರೆ ಎಷ್ಟು ಚೆನ್ನ!

ಇಂದಿರಾನಗರದಲ್ಲಿ ಟೆರೇಸ್ ಕೆಫೆಗಳಿಗೆ ಬರವಿಲ್ಲ. ಒಂದರ ಬಾಗಿಲಲ್ಲಿದ್ದ ಮೆನು ನೋಡಿದ ಅಣ್ಣ, ‘ಮಗಾ, ಇದು ಕಾಫಿ ರೇಟಲ್ಲ, ವ್ಯೂ ರೇಟು’ ಎಂದ. ಅಲ್ಲದೆ ಅಲ್ಲಿಂದ ಕಾಣುವುದಾದರೂ ಏನು? ಎಚ್‌ಎಎಲ್ ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿಯಿದೆ. ನಾಲ್ಕನೇ ಮಹಡಿಯ ಮೇಲೆ ನಿಂತರೆ ಎದುರಿನ ನಾಲ್ಕನೇ ಮಹಡಿಯ ನೀರಿನ ಟ್ಯಾಂಕು.

ಆಗಲೇ ಸರ್ವೇಯಿಂಗ್ ಲ್ಯಾಬಿನ ಪಾಠ ನೆನಪಾಗಿದ್ದು. ನನ್ನ ಕಿಟಕಿಯ ಎದುರಿನ ಗೋಡೆ ಮೂರು ಮೀಟರ್ ದೂರದಲ್ಲಿದೆ, ಕಿಟಕಿಗಿಂತ ಹನ್ನೆರಡು ಮೀಟರ್ ಮೇಲಕ್ಕಿದೆ. ಟ್ಯಾನ್ ಇನ್‌ವರ್ಸ್ ಹಾಕಿದರೆ 76 ಡಿಗ್ರಿ. ಅಂದರೆ ಕತ್ತು ಪೂರ್ತಿ ಮೇಲೆತ್ತಿದರೆ ಮಾತ್ರ ಆಕಾಶ. ಅದೇ ಗೋಡೆ ಅರ್ಧ ಕಿ.ಮೀ. ದೂರದಲ್ಲಿದ್ದಿದ್ದರೆ? ಒಂದೂವರೆ ಡಿಗ್ರಿಗೂ ಕಡಿಮೆ! ಊರು ಕಾಣುವುದು ನಾವೆಷ್ಟು ಎತ್ತರ ನಿಂತಿದ್ದೇವೆ ಎಂಬುದಕ್ಕಿಂತ, ನಮ್ಮ ಮುಂದೆ ಎಷ್ಟು ಜಾಗ ಖಾಲಿ ಇದೆ ಎಂಬುದರ ಮೇಲೆ. ಅಂದಿನಿಂದ ಎತ್ತರದ ಕಟ್ಟಡ ಹುಡುಕುವುದನ್ನು ಬಿಟ್ಟು, ಯಾರೂ ಕಟ್ಟಡ ಕಟ್ಟಲಾಗದ ಜಾಗಗಳನ್ನು ಹುಡುಕಿದೆವು. ಅಂಥವು ಈ ಭಾಗದಲ್ಲಿ ಎರಡೇ ಬಗೆ: ಕೆರೆ ಮತ್ತು ರೈಲು ಹಳಿ.

ಕೆರೆಯೆಂದರೆ ಹಲಸೂರಿನದು. ಸುಮಾರು 50 ಹೆಕ್ಟೇರ್ ನೀರು. ಗೋಪುರ ಹತ್ತಲಾಗಲಿಲ್ಲ ಎಂಬ ಬೇಸರ ಕೆನ್ಸಿಂಗ್ಟನ್ ರಸ್ತೆಯ ಕಡೆ ದಡಕ್ಕೆ ಬಂದಾಗ ಹೋಯಿತು. ನೆಲದ ಮಟ್ಟದಲ್ಲೇ ನಿಂತರೂ ನಡುಗಡ್ಡೆಗಳು, ಆಚೆ ದಡದ ಮರಗಳ ಸಾಲು, ಅವುಗಳ ಹಿಂದೆ ಕಟ್ಟಡಗಳು, ಅದರ ಮೇಲೆ ಬೇಕಾದಷ್ಟು ಆಕಾಶ. ಬೆಳಿಗ್ಗೆ ವಾಕಿಂಗ್‌ಗೆ ಬರುವ ಹಿರಿಯರ ಜೊತೆ ನಾವೂ ಒಂದು ಸುತ್ತು ಹಾಕಿದೆವು.

ಎರಡನೆಯದು ಮೆಟ್ರೊ. ನಮ್ಮ ಮೆಟ್ರೊ ಮೊದಲು ಓಡಿದ್ದೇ ಈ ದಾರಿಯಲ್ಲಿ, 2011ರ ಅಕ್ಟೋಬರ್ 20ರಂದು, ಎಂ.ಜಿ. ರಸ್ತೆ ಮತ್ತು ಬೈಯಪ್ಪನಹಳ್ಳಿ ನಡುವೆ. ದಿನಾ ಅದರಲ್ಲೇ ಓಡಾಡುವ ನಾವು ಮೊಬೈಲ್ ಬಿಟ್ಟು ತಲೆ ಎತ್ತುವುದಿಲ್ಲ ಅಷ್ಟೆ. ಒಮ್ಮೆ ಬಾಗಿಲ ಗಾಜಿನ ಪಕ್ಕ ನಿಂತು ನೋಡಿ. ಎಂ.ಜಿ. ರಸ್ತೆ ನಿಲ್ದಾಣದ ಉತ್ತರಕ್ಕೆ ಪರೇಡ್ ಮೈದಾನದ ಕಡೆಯ ಹಸಿರು. ಟ್ರಿನಿಟಿ, ಹಲಸೂರು ದಾಟಿ ಇಂದಿರಾನಗರದ ಸಿ.ಎಂ.ಎಚ್. ರಸ್ತೆಗೆ ಬಂದರೆ ಮರಗಳ ತಲೆಯ ಮಟ್ಟದಲ್ಲಿ ಪ್ರಯಾಣ. 2023ರಲ್ಲಿ ಶುರುವಾದ ಬೈಯಪ್ಪನಹಳ್ಳಿ–ಕೆ.ಆರ್. ಪುರ ಭಾಗವಂತೂ ಇನ್ನೂ ಚೆಂದ. ಬೆನ್ನಿಗಾನಹಳ್ಳಿ ಕೆರೆ, ಕೆಳಗೆ ರೈಲು ಹಳಿಗಳು, ಕೊನೆಗೆ ಕೆ.ಆರ್. ಪುರದ ತೂಗು ಸೇತುವೆಯ ಕೇಬಲ್‌ಗಳು. ಕೆಲವೇ ನಿಮಿಷ, ಆದರೆ ಊರಿನ ಬಿಡಿ ತುಂಡುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಮೂರನೆಯದು ನಮ್ಮ ಪಿ.ಜಿ.ಗೆ ನಡೆಯುವಷ್ಟೇ ದೂರದಲ್ಲಿತ್ತು: ಕೆ.ಆರ್. ಪುರ ರೈಲು ನಿಲ್ದಾಣದ ಪಾದಚಾರಿ ಮೇಲ್ಸೇತುವೆ. ಜೋಲಾರ್‌ಪೇಟೆಯಿಂದ ದಂಡು ನಿಲ್ದಾಣಕ್ಕೆ 1864ರಲ್ಲಿ ಮೊದಲ ರೈಲು ಬಂದದ್ದು ಈ ಮಾರ್ಗದಲ್ಲೇ. ಹಳಿಯ ಮೇಲೆ ಯಾರೂ ಮನೆ ಕಟ್ಟಲಾರರಲ್ಲ, ಹಾಗಾಗಿ ಎರಡೂ ಕಡೆ ನೋಟ ನೇರ ಹೋಗುತ್ತದೆ. ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ನಡೆಯುವವರಿಗೆ ಅಡ್ಡವಾಗದಂತೆ ಒಂದು ಬದಿಗೆ ನಿಂತರೆ ಆಯಿತು. ಮಳೆ ಬಂದು ನಿಂತ ಸಂಜೆಯಾದರೆ ಇನ್ನೂ ಒಳ್ಳೆಯದು, ಗಾಳಿಯ ಧೂಳು ತೊಳೆದು ಹೋಗಿರುತ್ತದೆ.

ಈ ಕೆ.ಆರ್. ಪುರಕ್ಕೂ ‘ನೋಟ’ಕ್ಕೂ ಹಳೆಯ ನಂಟಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇಲ್ಲಿಂದ ಅಗರದವರೆಗೆ ಸುಮಾರು 12 ಕಿ.ಮೀ. ನೇರ ಗೆರೆಯನ್ನು ಸರಪಳಿ ಹಿಡಿದು ಅಳೆದ. ಅದರ ಎರಡು ತುದಿಗಳಿಂದ ದೂರದ ಗುಡ್ಡಗಳ ಕೋನ ಹಿಡಿದರೆ ಉಳಿದ ದೂರಗಳು ಲೆಕ್ಕದಲ್ಲೇ ಸಿಗುತ್ತವೆ. ಎರಡು ವರ್ಷಗಳ ನಂತರ ಮದ್ರಾಸಿನಲ್ಲಿ ಶುರುವಾದ ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ಇದೇ ಪೂರ್ವತಯಾರಿ. ಅವರಿಗೂ ಬೇಕಿದ್ದುದು ನೋಟಕ್ಕೆ ಅಡ್ಡವಿಲ್ಲದ ಜಾಗವೇ. ಗುಡ್ಡವಿಲ್ಲದ ಕಡೆ ದೇವಸ್ಥಾನದ ಗೋಪುರಗಳೇ ಗತಿ. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಅರ್ಧ ಟನ್ ತೂಕದ ಥಿಯೋಡಲೈಟ್ ಜಖಂ ಆಗಿತ್ತು.

ಲ್ಯಾಂಬ್ಟನ್ ಅಳೆದ ಗೆರೆಯ ದಿಕ್ಕಿನಲ್ಲೇ ಹೆಚ್ಚುಕಡಿಮೆ ಇಂದಿನ ಹೊರವರ್ತುಲ ರಸ್ತೆ ಇದೆ. ಮಹದೇವಪುರ, ಮಾರತ್ತಹಳ್ಳಿ, ಬೆಳ್ಳಂದೂರು, ಅಗರ. ರೆಸ್ಯೂಮೆ ಹಿಡಿದು ನಾವೆಲ್ಲ ಅಲೆಯುವ ದಾರಿ. ಆ ಸಂಜೆ ಸೇತುವೆ ಮೇಲೆ ನಿಂತು ಅಣ್ಣ ಆ ಕಡೆಯ ಗಾಜಿನ ಕಟ್ಟಡಗಳನ್ನು ತೋರಿಸಿದ. ‘ಎಷ್ಟು ಹತ್ರ ಕಾಣ್ತವೆ ನೋಡು. ಸೆಕ್ಯುರಿಟಿ ಗೇಟ್ ದಾಟೋಕೆ ಮಾತ್ರ ವರ್ಷ ಆದ್ರೂ ಆಗ್ಲಿಲ್ಲ’ ಎಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ, ‘ಇಂಟರ್‌ವ್ಯೂಗೆ ಹೋದಾಗೆಲ್ಲ ಈ ರೋಡು ಮುಗಿಯೋದೇ ಇಲ್ಲ ಅನ್ನಿಸ್ತಿತ್ತು. ಇಲ್ಲಿಂದ ನೋಡಿದ್ರೆ ಇಷ್ಟೇನಾ ಅನ್ಸುತ್ತೆ’ ಎಂದು ನಕ್ಕ.

ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಊರು ನೋಡಿದ ಮಾತ್ರಕ್ಕೆ ಆಫರ್ ಲೆಟರ್ ಬರುವುದಿಲ್ಲ ಎಂಬುದು ನಮಗೂ ಗೊತ್ತು. ಆದರೆ ದಿಕ್ಕು ಗೊತ್ತಿಲ್ಲದ ಊರಿನಲ್ಲಿ ಕೆಲಸ ಹುಡುಕುವುದಕ್ಕೂ, ಎಲ್ಲಿ ನಿಂತಿದ್ದೇವೆಂದು ತಿಳಿದು ಹುಡುಕುವುದಕ್ಕೂ ವ್ಯತ್ಯಾಸವಿದೆ. ‘ಈಗ ಬಸ್ಸಿನಲ್ಲಿ ಕೂತರೆ ಭಯ ಕಡಿಮೆ’ ಎನ್ನುತ್ತಾನೆ ಅಣ್ಣ.

ಇನ್ನೆರಡು ವರ್ಷದಲ್ಲಿ ನಾನೂ, ನನ್ನಂಥ ನೂರಾರು ಸಿವಿಲ್ ವಿದ್ಯಾರ್ಥಿಗಳೂ ಇದೇ ಊರಿನ ಕಟ್ಟಡಗಳ ಡ್ರಾಯಿಂಗ್ ಹಿಡಿದು ಸೈಟಿನಲ್ಲಿ ನಿಂತಿರುತ್ತೇವೆ. ಕೆರೆಯ ಅಂಚಿನವರೆಗೂ ಗೋಡೆ ಎಬ್ಬಿಸಬೇಕೇ, ಪಕ್ಕದವನ ಕಿಟಕಿಗೆ ಎಷ್ಟು ಡಿಗ್ರಿ ಆಕಾಶ ಬಿಡಬೇಕು ಎಂಬ ಪ್ರಶ್ನೆ ಆಗ ನಮ್ಮ ಮೇಜಿನ ಮೇಲೂ ಬರುತ್ತದೆ. ಅದಕ್ಕೆ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಂಡು ನಿಮ್ಮ ಬಡಾವಣೆಯಲ್ಲಿ ನೋಟಕ್ಕೆ ಅಡ್ಡವಿಲ್ಲದ ಜಾಗ ಎಲ್ಲಿದೆ ಎಂದು ಹುಡುಕಿ. ಸಿಕ್ಕರೆ ರೂಮ್‌ಮೇಟನ್ನೂ ಕರೆದುಕೊಂಡು ಹೋಗಿ.