ಮೆಟ್ಟಿಲಿಲ್ಲದ ಟ್ರಾಮು ಹೇಗೆ ಬಂತು?



ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯ ಸದಸ್ಯರು ಅಲ್ಲಿನ ಟ್ರಾಮುಗಳನ್ನು ಹೊಗಳುವುದನ್ನು ಕೇಳುತ್ತಲೇ ಇದ್ದೇವೆ. ಮೆಟ್ಟಿಲು ಹತ್ತುವ ಗೋಜಿಲ್ಲ, ಹೊಸ್ತಿಲು ದಾಟಿದ ಹಾಗೆ ಒಳಗೆ ಕಾಲಿಡಬಹುದು ಎನ್ನುತ್ತಾರೆ. ಮಂಡಿನೋವಿನವರಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ಈ ಬಾರಿ ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಟ್ರಾಮು ಎಂದರೆ ರಸ್ತೆಯಲ್ಲಿ ಹುದುಗಿಸಿದ ಹಳಿಗಳ ಮೇಲೆ ಓಡುವ ವಿದ್ಯುತ್ ಗಾಡಿ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ಮುಂಬಯಿಗೆ ದುಡಿಯಲು ಹೋದ ಹಿಂದಿನ ತಲೆಮಾರಿನವರು ಅದನ್ನು ಕಂಡವರೇ. ಅಲ್ಲಿ 1964ರ ಮಾರ್ಚ್ 31ರಂದು ಟ್ರಾಮು ನಿಂತಿತು. ನಮ್ಮ ದೇಶದಲ್ಲಿ ಆಮೇಲೆ ಉಳಿದದ್ದು ಕಲ್ಕತ್ತೆಯಲ್ಲಿ ಮಾತ್ರ.

ಹಳೆಯ ಕಾಲದ ಟ್ರಾಮುಗಳ ನೆಲ ರಸ್ತೆಯಿಂದ 80-90 ಸೆಂ.ಮೀ. ಎತ್ತರದಲ್ಲಿರುತ್ತಿತ್ತು. ಎರಡು ಚಕ್ರಗಳನ್ನು ಜೋಡಿಸುವ ಅಚ್ಚು, ಮೋಟಾರು, ಬ್ರೇಕು ಎಲ್ಲವೂ ನೆಲದ ಕೆಳಗೇ ಇದ್ದುದರಿಂದ ಬೇರೆ ದಾರಿಯಿರಲಿಲ್ಲ. ಬಾಗಿಲಲ್ಲಿ ಎರಡು ಮೂರು ಕಡಿದಾದ ಮೆಟ್ಟಿಲು. ಗಾಲಿಕುರ್ಚಿಯವರು ಹೊರಗೇ ಉಳಿಯಬೇಕಿತ್ತು.

ಎರಡನೇ ಮಹಾಯುದ್ಧದ ನಂತರ ಫ್ರಾನ್ಸಿನ ಬಹುತೇಕ ನಗರಗಳು ಹಳಿ ಕಿತ್ತುಹಾಕಿದವು. ಆಲ್ಪ್ಸ್ ಬೆಟ್ಟಗಳ ಮಧ್ಯೆ ಇರುವ ಗ್ರೆನೋಬಲ್ ನಗರದಲ್ಲಿ 1952ರಲ್ಲಿ ಟ್ರಾಮು ನಿಂತಿತು. ಮೂವತ್ತು ವರ್ಷ ಕಳೆದು ಕಾರು, ಬಸ್ಸುಗಳ ದಟ್ಟಣೆ ತಾಳಲಾರದೆ 1983ರಲ್ಲಿ ಅಲ್ಲಿ ಜನಮತ ಕೇಳಿದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮತಗಳು ಟ್ರಾಮಿನ ಪರ ಬಿದ್ದವು. ಆಗ ಊರಿನ ಅಂಗವಿಕಲರ ಸಂಘಗಳು ಪಟ್ಟು ಹಿಡಿದವು: ಬರುವ ಟ್ರಾಮು ನಮಗೂ ಹತ್ತುವಂತಿರಬೇಕು. ಪಶ್ಚಿಮ ತೀರದ ನಾಂತ್ ನಗರಕ್ಕಾಗಿ ತಯಾರಾದ ಹೊಸ ಮಾದರಿ ಎದುರಿಗೇ ಇತ್ತು, ಆದರೆ ಅದಕ್ಕೆ ಮೆಟ್ಟಿಲುಗಳಿದ್ದವು. ಗ್ರೆನೋಬಲ್ ಒಪ್ಪಲಿಲ್ಲ. ಗಾಡಿಯ ನಕ್ಷೆಯನ್ನೇ ಬದಲಾಯಿಸಬೇಕಾಯಿತು. ಒಂದು ಸಂಘದ ಮನವಿ ಕಡತದಲ್ಲಿ ಧೂಳು ಹಿಡಿಯದೆ ಕಾರ್ಖಾನೆಯವರೆಗೆ ಮುಟ್ಟಿತೆಂಬುದೇ, ಗುಮಾಸ್ತಿಕೆ ಮಾಡಿ ನಿವೃತ್ತರಾದ ನಮಗೆ, ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅವರು ಮಾಡಿದ್ದು ಹೀಗೆ. ಮೋಟಾರಿರುವ ಚಕ್ರಗಳನ್ನು ಗಾಡಿಯ ಎರಡು ತುದಿಗಳಿಗೆ ಸರಿಸಿದರು. ನಡುವಿನ ಚಕ್ರಗಳ ಅಚ್ಚನ್ನು ನೇರವಾಗಿಡದೆ ಮಧ್ಯದಲ್ಲಿ ಕೆಳಕ್ಕೆ ಬಾಗಿಸಿ, ಅದರ ಮೇಲೆ ಜನ ಓಡಾಡುವ ಹಾದಿ ಹಾಸಿದರು. ವಿದ್ಯುತ್ ಉಪಕರಣಗಳ ಪೆಟ್ಟಿಗೆಗಳು ಚಾವಣಿ ಏರಿದವು. ಹೀಗೆ ಗಾಡಿಯ ಮೂರನೇ ಎರಡು ಭಾಗದಷ್ಟು ನೆಲ ಬರೀ 34.5 ಸೆಂ.ಮೀ. ಎತ್ತರಕ್ಕೆ ಇಳಿಯಿತು. ನಿಲ್ದಾಣಗಳಲ್ಲಿ ಕಟ್ಟೆಯನ್ನು ಎತ್ತರಿಸಿದರು. ನಡುವಿನ ಸಂದಿಗೆ ಬಾಗಿಲ ಕೆಳಗಿಂದ ಹೊರಚಾಚುವ ಹಲಗೆ ಇಟ್ಟರು. 1987ರಲ್ಲಿ ಸಂಚಾರ ಆರಂಭವಾಯಿತು. ತುದಿಗಳಲ್ಲಿ ಮಾತ್ರ ಒಳಗೆ ಮೆಟ್ಟಿಲು ಹತ್ತಬೇಕು. ಬೆಂಗಳೂರಿನ ತಗ್ಗು ನೆಲದ ವೋಲ್ವೋ ಸಿಟಿ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋದವರಿಗೆ ಇದರ ಅಂದಾಜು ಸಿಗುತ್ತದೆ.

ನಾಂತ್ ನಗರವೂ ಮುಂದೆ ತನ್ನ ಗಾಡಿಗಳ ನಡುವೆ ತಗ್ಗು ನೆಲದ ತುಂಡೊಂದನ್ನು ಸೇರಿಸಿಕೊಂಡಿತು. 1994ರಲ್ಲಿ ಸ್ಟ್ರಾಸ್‌ಬರ್ಗ್ ನಗರ ಪೂರ್ತಿ ತಗ್ಗು ನೆಲದ ಟ್ರಾಮನ್ನು ಓಡಿಸಿತು. ವಿಯೆನ್ನಾದವರು ಮೋಟಾರುಗಳನ್ನು ಗಾಡಿಯ ಕೀಲುಗಳ ಬಳಿ ಲಂಬವಾಗಿ ನಿಲ್ಲಿಸಿ, ಬಾಗಿಲ ಎತ್ತರವನ್ನು 20 ಸೆಂ.ಮೀ. ಆಸುಪಾಸಿಗೆ ತಂದರು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಪೂರ್ತಿ ತಗ್ಗಿಸಿದ ಅನೇಕ ಗಾಡಿಗಳಲ್ಲಿ ಚಕ್ರಗಳ ಚೌಕಟ್ಟು ಸ್ವತಂತ್ರವಾಗಿ ತಿರುಗುವುದಿಲ್ಲ. ತಿರುವುಗಳಲ್ಲಿ ಹಳಿ, ಚಕ್ರ ಎರಡೂ ಹೆಚ್ಚು ಸವೆಯುತ್ತವೆ. ಬಾಗಿಲುಗಳೆಲ್ಲ ತಗ್ಗಿದ್ದರೆ ಮೂರನೇ ಎರಡು ಭಾಗ ಸಾಕು ಎಂಬುದು ನಮ್ಮ ಅಭಿಪ್ರಾಯ.

ಗಾಡಿ ತಗ್ಗಿದ್ದು ಕಟ್ಟೆ ಇಲ್ಲದಿದ್ದರೆ ಗತಿಯೇನು? ಇದಕ್ಕೆ ಮೆಲ್ಬರ್ನ್ ನೋಡಬೇಕು. ಸುಮಾರು 250 ಕಿ.ಮೀ. ಹಳಿಯಿರುವ ಅದು ಜಗತ್ತಿನ ಅತಿ ದೊಡ್ಡ ಟ್ರಾಮು ಜಾಲ. ಆದರೆ ಅನೇಕ ನಿಲ್ದಾಣಗಳಲ್ಲಿ ರಸ್ತೆ ಮಧ್ಯಕ್ಕೆ ನಡೆದು ಹೋಗಿ ಹತ್ತಬೇಕು. 2018-19ರಲ್ಲಿ ತಗ್ಗು ನೆಲದ ಗಾಡಿಯೂ ಸಮಮಟ್ಟದ ಕಟ್ಟೆಯೂ ಒಟ್ಟಿಗೆ ಸಿಕ್ಕಿದ್ದು ಶೇ. 15ರಷ್ಟು ಸಂಚಾರಗಳಲ್ಲಿ ಮಾತ್ರ ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ ವರದಿ ಮಾಡಿದ್ದಾರೆ. ಅಲ್ಲಿಗೆ ಹೋಗುವ ಸದಸ್ಯರು ಮಾರ್ಗದ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತಿರುವ ನಿಲ್ದಾಣಗಳನ್ನು ಮೊದಲೇ ನೋಡಿಟ್ಟುಕೊಳ್ಳಿ. ಹತ್ತುವ ಕಡೆ ಮಾತ್ರವಲ್ಲ, ಇಳಿಯುವ ಕಡೆಯೂ ಆ ಗುರುತು ಇರಬೇಕು.